ತಟ್ಟೆ ನೀವೇ ತನ್ನಿ: ಹಾಸನದಲ್ಲಿ ಎಂಟು ಶನಿವಾರದ ಮೆನ್ನೊನೈಟ್ ಪಾಠ

ಮೆನ್ನೊನೈಟರು ಅಂದರೆ ದೊಡ್ಡವರಾದ ಮೇಲೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆಯುವ, ಕತ್ತಿ ಹಿಡಿಯದ ಒಂದು ಕ್ರೈಸ್ತ ಪಂಗಡ, ಅವರ ನಂಬಿಕೆ ಬದುಕಿನ ಬಗ್ಗೆ ಈ ಪಾಠ. ಎಂಟು ಶನಿವಾರ, ಸಂಜೆ ಐದೂವರೆಯಿಂದ ಎಂಟು ಗಂಟೆ. ಫೀಸ್ ಇಲ್ಲ. ನೋಟ್ಸಿನ ಜೆರಾಕ್ಸಿಗೆ 120 ರೂಪಾಯಿ. ಊಟಕ್ಕೆ ನಿಮ್ಮ ಮನೆಯಿಂದ ಒಂದು ಪದಾರ್ಥ ತರಬೇಕು, ಜೊತೆಗೆ ನಿಮ್ಮ ತಟ್ಟೆ ಲೋಟ. ಜಾಗ ಹಾಸನದ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳೇ ಹೆಂಚಿನ ಮನೆ. ಬೋರ್ಡ್ ಇಲ್ಲ, ಗೇಟಿನ ಹತ್ತಿರ ಒಂದು ಸೀಬೆ ಮರ ಇದೆ, ಅದೇ ಗುರುತು.

ನಡೆಸುವವರು ಗಂಡ ಹೆಂಡತಿ. ಗಂಡ ನಿವೃತ್ತ ಲೆಕ್ಚರರ್, ನಾವೆಲ್ಲ ಮೇಷ್ಟ್ರು ಅಂತೀವಿ. ಅವರ ಹೆಂಡತಿ ನಮಗೆ ಟೀಚರಮ್ಮ. ಇಬ್ಬರೂ ಕೆಲವು ವರ್ಷ ತೆಲಂಗಾಣದ ಮಹಬೂಬ್‌ನಗರದ ಕಡೆ ಇದ್ದವರು. ಆ ಭಾಗದಲ್ಲಿ ಮೆನ್ನೊನೈಟ್ ಸಭೆಗಳು ಬೇಕಾದಷ್ಟಿವೆ. 1889ರಲ್ಲೇ ರಷ್ಯಾದಿಂದ ಮೆನ್ನೊನೈಟ್ ಬ್ರದರನ್ ಸಭೆಯ ಮಿಷನರಿ ದಂಪತಿ ಆ ತೆಲುಗು ಸೀಮೆಗೆ ಬಂದಿದ್ದರು. ನಮ್ಮ ರಾಯಚೂರಿನ ಆಚೆಗೇ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೇಷ್ಟ್ರು ಮೊದಲ ದಿನವೇ ಒಂದು ಮಾತು ಹೇಳಿದರು. ಇಲ್ಲಿ ಯಾರನ್ನೂ ಯಾವ ಸಭೆಗೂ ಸೇರಿಸುವುದಿಲ್ಲ, ನೀವು ಎಲ್ಲಿದ್ದೀರೋ ಅಲ್ಲೇ ಇರಿ, ಸುಮ್ನೆ ಕೇಳಿ, ಊಟ ಮಾಡಿ, ಜಗಳ ಆಡಿ. ಕೊನೆಯ ದಿನದವರೆಗೂ ಆ ಮಾತಿಗೆ ತಪ್ಪಲಿಲ್ಲ.

ನಾನು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಯ ಮನೆಯಲ್ಲಿ ಹುಟ್ಟಿದವಳು, ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಮೂರು ತಿಂಗಳ ಕೂಸಾಗಿದ್ದಾಗ ನನಗೆ ದೀಕ್ಷಾಸ್ನಾನ ಆಯಿತು. ಮೆನ್ನೊನೈಟ್ ಅಂದರೆ ಕುದುರೆ ಗಾಡಿ, ಕರೆಂಟ್ ಬೇಡ ಅನ್ನುವ ಜನ ಅಂದುಕೊಂಡಿದ್ದೆ. ನನ್ನ ತಲೆಯಲ್ಲಿದ್ದ ಚಿತ್ರ ಇವರಿಂದ ಒಡೆದುಹೋದ ಆಮಿಶ್‌ ಜನರದು ಅಂತ ಆಮೇಲೆ ಗೊತ್ತಾಯಿತು. ಇವತ್ತು ಈ ಪರಂಪರೆಯಲ್ಲಿ ದೀಕ್ಷಾಸ್ನಾನ ಆದವರು 20 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದವರು. ನಮ್ಮ ಬ್ಯಾಚಿನಲ್ಲಿ ಹದಿನಾಲ್ಕು ಜನ ಇದ್ದೆವು. ಸಿ.ಎಸ್.ಐ.ನವರು, ಕ್ಯಾಥೊಲಿಕರು, ಒಬ್ಬ ನರ್ಸ್ ಹುಡುಗಿ, ಒಬ್ಬ ಆಟೋ ಡ್ರೈವರ್, ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಒಬ್ಬ ಅಮ್ಮ, ಕಾಲೇಜಿಗೆ ಹೋಗುವ ಒಬ್ಬ ಲಿಂಗಾಯತ ಹುಡುಗ. ಜೊತೆಗೆ ಅಹಿಂಸೆ ಬಗ್ಗೆ ಯಾರು ಏನು ಹೇಳಿದರೂ ಕೇಳಲು ಹೋಗುವ ಒಬ್ಬರು ಹಿರಿಯ ಜೈನರು.

ಮೊದಲ ಶನಿವಾರ ಇತಿಹಾಸ. ಮೇಷ್ಟ್ರು ಚೆನ್ನಾಗಿ ಹೇಳುತ್ತಾರೆ, ಆದರೆ ಓಡಿಸುತ್ತಾರೆ. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ, ಫೆಲಿಕ್ಸ್ ಮಾಂಟ್ಸ್ ಎಂಬ ಯುವಕನ ಮನೆಯಲ್ಲಿ ಕೆಲವರು ಸೇರಿದ್ದರು. ಕಾನ್ರಾಡ್ ಗ್ರೇಬೆಲ್ ಅಲ್ಲಿ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟ, ಬ್ಲೌರಾಕ್ ಉಳಿದವರಿಗೆ ಕೊಟ್ಟ. ಎಲ್ಲರೂ ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆದವರು. ಆದರೆ ಬುದ್ಧಿ ಬಂದ ಮೇಲೆ, ತಿಳಿದು, ತಾವೇ ಬಾಯಿಬಿಟ್ಟು ಕೇಳಿ ಪಡೆದದ್ದು ಮಾತ್ರ ದೀಕ್ಷಾಸ್ನಾನ ಅನ್ನುವುದು ಅವರ ವಾದ. ಅದಕ್ಕೇ ಜನ ಅವರನ್ನು ಅನಾಬ್ಯಾಪ್ಟಿಸ್ಟರು, ಅಂದರೆ ಎರಡನೇ ಸಲ ಸ್ನಾನ ಕೊಡುವವರು ಅಂದರು.

ಇದರಲ್ಲಿ ಜೀವ ತೆಗೆಯುವಂಥದ್ದು ಏನಿದೆ ಅಂತ ನಾನು ಕೇಳಿದೆ. ಆಗಿನ ಕಾಲಕ್ಕೆ ಊರಲ್ಲಿ ಹುಟ್ಟಿದ ಕೂಸೆಲ್ಲ ಸಭೆಯ ಕೂಸು ಅಂತ ಮೇಷ್ಟ್ರು ಹೇಳಿದರು. ಊರು, ಸಭೆ, ಸರ್ಕಾರ ಮೂರನ್ನೂ ಸೇರಿಸಿ ಹೊಸೆದ ಒಂದೇ ಹಗ್ಗ. ಕೂಸಿಗೆ ದೀಕ್ಷಾಸ್ನಾನ ಬೇಡ ಅಂದರೆ ಆ ಹಗ್ಗವನ್ನೇ ಬಿಚ್ಚಿದ ಹಾಗೆ. 1527ರ ಜನವರಿ 5ರಂದು ಮಾಂಟ್ಸ್‌ನನ್ನು ಕೈಕಾಲು ಸೇರಿಸಿ ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಮುಳುಗಿಸಿದವರೂ ಇವರ ಹಾಗೇ ಕ್ಯಾಥೊಲಿಕ್ ಸಭೆ ಬಿಟ್ಟು ಬಂದ ಪ್ರೊಟೆಸ್ಟೆಂಟರೇ. ಆ ರಾತ್ರಿ ಮನೆಗೆ ಬಂದು ನನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್ ಹುಡುಕಿ ತೆಗೆದು ನೋಡಿದೆ. ಅದರಲ್ಲಿ ನನ್ನ ಪರವಾಗಿ ಮಾತು ಕೊಟ್ಟ ನನ್ನ ಸೋದರತ್ತೆಯ ಸಹಿ ಇದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೂ ಆ ಮಾತನ್ನು ನಾನು ಯಾವತ್ತಾದರೂ ನನ್ನದು ಮಾಡಿಕೊಂಡಿದ್ದೇನಾ ಅನ್ನುವ ಪ್ರಶ್ನೆ ಉಳಿಯಿತು, ಅಲ್ವಾ.

ಮೆನ್ನೊ ಸೈಮನ್ಸ್ ಬಂದದ್ದು ಆಮೇಲೆ. ಈಗಿನ ನೆದರ್ಲೆಂಡ್ಸಿನ ಕ್ಯಾಥೊಲಿಕ್ ಪಾದ್ರಿ, 1536ರಲ್ಲಿ ಆ ಕೆಲಸ ಬಿಟ್ಟು ಇವರ ಜೊತೆ ಸೇರಿದರು. ಅದಕ್ಕೆ ಸ್ವಲ್ಪ ಮೊದಲು ಅನಾಬ್ಯಾಪ್ಟಿಸ್ಟರ ಒಂದು ಗುಂಪು ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣವನ್ನು ಹಿಡಿದು, ಕತ್ತಿಯಿಂದ ಆಳಿ, 1535ರಲ್ಲಿ ದೊಡ್ಡ ರಕ್ತಪಾತದಲ್ಲಿ ನಾಶವಾಗಿತ್ತು. ಹೆದರಿ ಚದುರಿದ್ದ ಉಳಿದವರನ್ನು ಮೆನ್ನೊ ಒಟ್ಟುಮಾಡಿ, ಕತ್ತಿ ಬಿಡಿ ಅಂದರು. ಜನ ಅವರ ಹೆಸರಿನಿಂದಲೇ ಇವರನ್ನು ಕರೆಯತೊಡಗಿದರು.

ಎರಡನೇ ಮೂರನೇ ವಾರ ಕತ್ತಿ ಮತ್ತು ಆಣೆ. 1527ರಲ್ಲಿ ಶ್ಲೈಟ್‌ಹೈಮ್ ಎಂಬಲ್ಲಿ ಸೇರಿ ಇವರು ಒಪ್ಪಿಕೊಂಡ ಏಳು ಮಾತುಗಳಲ್ಲಿ ಈ ಎರಡೂ ಇವೆ. ಕತ್ತಿ ಹಿಡಿಯಬಾರದು, ಆಣೆ ಇಡಬಾರದು. ಆಣೆ ಅಂದ ಕೂಡಲೇ ಎಲ್ಲರೂ ಮಾತಾಡತೊಡಗಿದರು. ನಮ್ಮ ಕಡೆ ಜಗಳ ಏನೇ ಆಗಲಿ, ಕೊನೆಗೆ ಬರುವುದು "ಧರ್ಮಸ್ಥಳಕ್ಕೆ ಬಾ, ಆಣೆ ಮಾಡು" ಅನ್ನುವಲ್ಲಿಗೇ. ಕಾಲೇಜು ಹುಡುಗ ಕೇಳಿದ, ಆಣೆ ಇಲ್ಲದೆ ನಂಬುವುದು ಹೇಗೆ ಮೇಷ್ಟ್ರೇ? ಟೀಚರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತೇ ಉತ್ತರ ಕೊಟ್ಟರು: "ಆಣೆ ಇಟ್ಟಾಗ ಮಾತ್ರ ನಿಜ ಹೇಳೋದಾದ್ರೆ, ಮಿಕ್ಕ ಟೈಮಲ್ಲಿ ಏನು ಹೇಳ್ತಾ ಇದ್ದೀಯಪ್ಪಾ?" ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಸ್ವಾಮಿ ಹೇಳಿದ್ದೂ ಅಷ್ಟೇ, ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ. ನಮ್ಮ 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿ ಹೇಳುವವರು ದೇವರ ಹೆಸರಲ್ಲಿ ಪ್ರಮಾಣ ಮಾಡುವ ಬದಲು ದೃಢವಾಗಿ ಮಾತು ಕೊಟ್ಟರೆ ಸಾಕು ಅನ್ನುವುದೂ ನನಗೆ ಅವತ್ತೇ ಗೊತ್ತಾದದ್ದು.

ಕತ್ತಿಯ ಪಾಠಕ್ಕೆ ಒಂದು ಚಿತ್ರ ಕೊಟ್ಟರು. ಹಳೇ ತಾಮ್ರದ ಅಚ್ಚಿನ ಚಿತ್ರದ ಜೆರಾಕ್ಸ್, ಯಾನ್ ಲೌಕನ್ ಎಂಬ ಕಲಾವಿದ ಮಾಡಿದ್ದು, 1685ರದು. ಕೆರೆಯ ಮೇಲೆ ಹೆಪ್ಪುಗಟ್ಟಿದ ಮಂಜು. ಅದು ಒಡೆದು ಒಬ್ಬ ನೀರಿಗೆ ಬಿದ್ದಿದ್ದಾನೆ. ಇನ್ನೊಬ್ಬ ಬಗ್ಗಿ ಎರಡೂ ಕೈ ಚಾಚಿದ್ದಾನೆ. ಕೈ ಚಾಚಿದವನು ಡಿರ್ಕ್ ವಿಲ್ಲೆಮ್ಸ್ ಎಂಬ ಅನಾಬ್ಯಾಪ್ಟಿಸ್ಟ್, ಜೈಲಿನಿಂದ ತಪ್ಪಿಸಿಕೊಂಡು ಓಡುತ್ತಿದ್ದವನು. ನೀರಲ್ಲಿರುವವನು ಅವನನ್ನು ಹಿಡಿಯಲು ಅಟ್ಟಿಸಿಕೊಂಡು ಬಂದವನು. ಡಿರ್ಕ್ ಆ ತೆಳು ಮಂಜನ್ನು ದಾಟಿ ಆಗಿತ್ತು, ಬದುಕಿ ಆಗಿತ್ತು. ಕೂಗು ಕೇಳಿ ತಿರುಗಿ ಬಂದ, ಅವನನ್ನು ಎತ್ತಿದ, ಅಲ್ಲೇ ಸಿಕ್ಕಿಬಿದ್ದ. 1569ರ ಮೇ 16ರಂದು ನೆದರ್ಲೆಂಡ್ಸಿನ ಆಸ್ಪೆರನ್ ಊರಿನಲ್ಲಿ ಅವನನ್ನು ಸುಟ್ಟರು.

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಜೈನ ಹಿರಿಯರು ಆ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದುಕೊಂಡು, ಬಾಹುಬಲಿ ಅಣ್ಣನನ್ನು ಹೊಡೆಯಲು ಎತ್ತಿದ ಕೈಯನ್ನು ಮೇಲೇ ನಿಲ್ಲಿಸಿದ್ದನ್ನು ಹೇಳಿದರು. "ನಮ್ಮವನು ಎತ್ತಿದ ಕೈಯನ್ನು ತಡೆದ. ಇವನು ಆ ಕೈಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದ." ಶ್ರವಣಬೆಳಗೊಳದ ಬೆಟ್ಟ ನಾನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಗೊಮ್ಮಟನ ಕೈ ಯಾಕೆ ಹಾಗೆ ಕೆಳಗೆ ಇಳಿದಿದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಈಗ ನಾಲ್ಕನೇ ವಾರ. ಇಷ್ಟು ಉದ್ದ ಬರೆಯಲು ಕಾರಣವೇ ಈ ವಾರ.

ಮೇಷ್ಟ್ರು ಎಲ್ಲರಿಗೂ ಒಂದೊಂದು ತುಂಡು ಹಾಳೆ ಕೊಟ್ಟರು. ನಿಮಗೆ ತಪ್ಪು ಮಾಡಿದ ಒಬ್ಬರ ಹೆಸರು ಬರೆಯಿರಿ, ಯಾರಿಗೂ ತೋರಿಸಬೇಡಿ ಅಂದರು. ಬರೆದೆವು. ಆ ವಿಷಯವನ್ನು ಇಲ್ಲಿಯವರೆಗೆ ಎಷ್ಟು ಜನಕ್ಕೆ ಹೇಳಿದ್ದೀರಿ, ಆ ಸಂಖ್ಯೆ ಬರೆಯಿರಿ. ಬರೆದೆವು. ಕೊನೆಗೆ, ಆ ಸಂಖ್ಯೆಯಲ್ಲಿ ಆ ಹೆಸರಿನವರು ಇದ್ದಾರಾ? ಅಷ್ಟು ಕೇಳಿ ಕೂತುಬಿಟ್ಟರು.

ನನ್ನ ಹಾಳೆಯಲ್ಲಿ ನನ್ನ ಗೆಳತಿಯ ಹೆಸರಿತ್ತು. ನಾನು ಹನ್ನೆರಡು ಹೆಂಗಸರನ್ನು ಸೇರಿಸಿ ಚೀಟಿ ನಡೆಸುತ್ತೇನೆ, ತಿಂಗಳಿಗೆ 2,000. ಅವಳು ನಾಲ್ಕನೇ ತಿಂಗಳು ಚೀಟಿ ಎತ್ತಿದಳು, ಆಮೇಲೆ ಮೂರು ಕಂತು ಕಟ್ಟಲಿಲ್ಲ. 6,000 ನನ್ನ ಕೈಯಿಂದ ಹೋಯಿತು. ನಾನು ಬರೆದ ಸಂಖ್ಯೆ 9. ತಂಗಿಗೆ ಹೇಳಿದ್ದೆ, ಅಂಗಡಿಗೆ ಬರುವ ಗಿರಾಕಿಗಳಿಗೆ ಹೇಳಿದ್ದೆ, ಆರಾಧನೆ ಮುಗಿದ ಮೇಲೆ ಸಭೆಯ ಮೆಟ್ಟಿಲ ಮೇಲೆ ನಿಂತು ಹೇಳಿದ್ದೆ. ಅವಳಿಗೆ ಮಾತ್ರ ಹೇಳಿರಲಿಲ್ಲ. ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಿದ್ದೆ, ಅಷ್ಟೇ.

ಬೈಬಲಿನ ಮತ್ತಾಯ 18ನೇ ಅಧ್ಯಾಯ ನಾನು ಚಿಕ್ಕಂದಿನಿಂದ ಓದಿದ್ದೇ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಅವನ ಹತ್ತಿರ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಮೆನ್ನೊನೈಟರು ಇದನ್ನು ಬರೀ ಓದಿ ಬಿಡುವುದಿಲ್ಲ. ಸಭೆ ಅಂದರೆ ಈ ಕೆಲಸ ನಡೆಯುವ ಜಾಗ ಅಂತಲೇ ಅವರ ತಿಳುವಳಿಕೆ. ಒಟ್ಟಿಗೆ ಹಾಡುವುದು, ಪ್ರಾರ್ಥನೆ ಮಾಡುವುದು ಎಷ್ಟು ಮುಖ್ಯವೋ, ಮುನಿಸಿಕೊಂಡವರ ಮನೆಗೆ ನಡೆದು ಹೋಗುವುದೂ ಅಷ್ಟೇ ಮುಖ್ಯ. 1974ರಲ್ಲಿ ಕೆನಡಾದ ಎಲ್ಮೈರಾ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಮನೆ, ಕಾರು ಅಂತ ನೋಡದೆ ಹಾಳುಮಾಡಿದ್ದರು. ಮಾರ್ಕ್ ಯಾಂಟ್ಸಿ ಎಂಬ ಮೆನ್ನೊನೈಟ್ ಪ್ರೊಬೇಷನ್ ಅಧಿಕಾರಿಯ ಸಲಹೆಯ ಮೇಲೆ ಜಡ್ಜ್ ಆ ಹುಡುಗರನ್ನು ಹಾಳಾದ ಒಂದೊಂದು ಮನೆಗೂ ಕಳಿಸಿದರು. ಬಾಗಿಲು ತಟ್ಟಿ, ಮಾಡಿದವರು ನಾವೇ ಅಂತ ಹೇಳಿ, ನಷ್ಟ ಎಷ್ಟು ಅಂತ ಕೇಳಿಕೊಂಡು ಬರಬೇಕು. ಹೋದರು. ಆಮೇಲೆ ದುಡ್ಡೂ ಕಟ್ಟಿದರು. ಇವತ್ತು ಎಷ್ಟೋ ದೇಶಗಳಲ್ಲಿ ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸುವ ಪದ್ಧತಿ ಬೆಳೆಯುವುದಕ್ಕೆ ಆ ರಾತ್ರಿಯ ಕೇಸೂ ಒಂದು ಮುಖ್ಯ ಕಾರಣ.

ಐದನೇ ವಾರ ನಾವೆಲ್ಲ ಈ ನಿಯಮವನ್ನು ಹೊಗಳುತ್ತಾ ಕೂತಿದ್ದಾಗ ನರ್ಸ್ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಗಂಡ ಹೊಡೀತಾನೆ ಮೇಷ್ಟ್ರೇ. ಆಗಲೂ ಅವಳು ಒಬ್ಬಳೇ ಹೋಗಿ ಅವನ ಹತ್ತಿರ ಮಾತಾಡಬೇಕಾ?"

ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಮುಂದಿನ ವಾರ ಹೇಳುತ್ತೇನೆ ಅಂದರು, ಹೇಳಿದರು ಕೂಡ. ಜಾನ್ ಹೊವಾರ್ಡ್ ಯೋಡರ್ ಅಂತ ಒಬ್ಬರಿದ್ದರು. ಇಪ್ಪತ್ತನೇ ಶತಮಾನದ ಮೆನ್ನೊನೈಟ್ ದೇವಶಾಸ್ತ್ರಜ್ಞರಲ್ಲಿ ಅತಿ ದೊಡ್ಡ ಹೆಸರು, ಶಾಂತಿಯ ಬಗ್ಗೆ ಅವರಷ್ಟು ಪ್ರಭಾವ ಬೀರಿದವರು ಕಡಿಮೆ. ಅದೇ ಮನುಷ್ಯ ವರ್ಷಗಟ್ಟಲೆ ಅನೇಕ ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು. ದೂರು ಬಂದಾಗ ಇದೇ ಮತ್ತಾಯ 18ನ್ನು ಮುಂದಿಟ್ಟು, ದೂರು ಕೊಟ್ಟವರು ನನ್ನ ಎದುರಿಗೇ ಬಂದು ಹೇಳಲಿ ಅಂದರು. ಅವರು ತೀರಿಕೊಂಡದ್ದು 1997ರಲ್ಲಿ. ಅವರು ಪಾಠ ಮಾಡಿದ್ದ ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು, ಆ ಹೆಂಗಸರ ಮುಂದೆ ಬಹಿರಂಗವಾಗಿ ತಪ್ಪೊಪ್ಪಿಕೊಂಡದ್ದು 2015ರಲ್ಲಿ. ಮೇಷ್ಟ್ರ ದನಿ ಅವತ್ತು ಬಹಳ ಸಣ್ಣದಾಗಿತ್ತು. ಸಮಸಮ ಇರುವ ಇಬ್ಬರ ನಡುವೆ ಈ ನಿಯಮ ಔಷಧಿ, ಒಬ್ಬರ ಕೈ ಮೇಲಿದ್ದರೆ ಅದೇ ವಿಷ ಅಂದರು. ಹೊಡೆತ ತಿನ್ನುವವಳು ಒಬ್ಬಳೇ ಹೋಗಬೇಕಾಗಿಲ್ಲ, ಪೊಲೀಸರ ಹತ್ತಿರ ಹೋಗಬಹುದು, ಹೋಗಬೇಕು, ಅವಳ ಜೊತೆ ಹೋಗುವುದು ಸಭೆಯ ಕೆಲಸ.

ಈ ವಿಷಯ ನೋಟ್ಸಿನಲ್ಲಿ ಇರಲಿಲ್ಲ. ಈ ಪಾಠದ ಬಗ್ಗೆ ನನ್ನ ದೊಡ್ಡ ದೂರು ಇದೇ. ಆ ಹುಡುಗಿ ಕೇಳದಿದ್ದರೆ ನಾವು ಅರ್ಧ ಪಾಠ ಕಲಿತು ಮನೆಗೆ ಹೋಗುತ್ತಿದ್ದೆವು. ಮೇಷ್ಟ್ರಿಗೂ ಹೇಳಿದ್ದೇನೆ. ಮುಂದಿನ ಬ್ಯಾಚಿನ ನೋಟ್ಸಿಗೆ ಸೇರಿಸುವುದಾಗಿ ಒಪ್ಪಿದ್ದಾರೆ.

ಬಹಿಷ್ಕಾರದ ಮಾತೂ ಅದೇ ದಿನ ಬಂತು. ಸಭೆಯ ಮಾತನ್ನೂ ಕೇಳದವರನ್ನು ದೂರ ಇಡುವುದು ಇವರಲ್ಲಿ ಮೊದಲಿನಿಂದ ಇದೆ. ಎಷ್ಟು ದೂರ ಅನ್ನುವುದರ ಮೇಲೇ ಒಡೆದುಹೋಗಿದ್ದಾರೆ. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಇವರದೇ ಮುಖಂಡ, ಹೊರಗಿಟ್ಟವರ ಜೊತೆ ಒಂದೇ ಪಂಕ್ತಿಯಲ್ಲಿ ಊಟವೂ ಮಾಡಬಾರದು ಅಂತ ಹಟ ಹಿಡಿದ, ಆಮಿಶ್‌ನವರು ಹುಟ್ಟಿದ್ದು ಹಾಗೆ. ಊರಿನಿಂದ ಹೊರಗಿಟ್ಟ ಮನೆಗಳನ್ನು ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪಿನ ಅಮ್ಮ ಒಂದೇ ಮಾತು ಕೇಳಿದರು, "ಯೇಸು ಸ್ವಾಮಿ ಸುಂಕದವರ ಮನೇಲಿ ಊಟ ಮಾಡ್ಲಿಲ್ವಾ?" ಆ ಕಾಲದಲ್ಲಿ ಜನ ದೂರ ಇಟ್ಟಿದ್ದವರು ಆ ಸುಂಕದವರು. ಇದಕ್ಕಿಂತ ಒಳ್ಳೆ ಉತ್ತರ ಅವತ್ತು ಯಾರೂ ಕೊಡಲಿಲ್ಲ.

ದುಡ್ಡಿನ ಪಾಠಕ್ಕೆ ಬರುತ್ತೇನೆ. ಹಟ್ಟರೈಟ್ಸ್ ಅಂತ ಇದೇ ಮೂಲದ ಇನ್ನೊಂದು ಗುಂಪಿದೆ, ಅವರಲ್ಲಿ ಸ್ವಂತ ಆಸ್ತಿಯೇ ಇಲ್ಲ, ಎಲ್ಲವೂ ಎಲ್ಲರದು, 1528ರಲ್ಲಿ ಶುರುವಾದ ಪದ್ಧತಿ. ಮೆನ್ನೊನೈಟರು ಅಷ್ಟು ದೂರ ಹೋಗುವುದಿಲ್ಲ. ಆಸ್ತಿ ನಿನ್ನದೇ, ಆದರೆ ಅಣ್ಣತಮ್ಮಂದಿರಿಗೆ ಕಷ್ಟ ಬಂದಾಗ ಅದು ನಿನ್ನೊಬ್ಬನದಲ್ಲ. 1920ರಲ್ಲಿ ಈಗಿನ ಉಕ್ರೇನ್ ಕಡೆ ಬರಗಾಲ, ಅಂತರ್ಯುದ್ಧದಲ್ಲಿ ಸಿಕ್ಕಿದವರಿಗಾಗಿ ಅಮೆರಿಕದ ಮೆನ್ನೊನೈಟರು ಸೇರಿ ಒಂದು ಕೇಂದ್ರ ಸಮಿತಿ ಮಾಡಿದರು. ಊಟ ಹಾಕಿದರು, ಉಳುಮೆಗೆ ಎತ್ತು ಕುದುರೆ ಉಳಿಯದ ಊರುಗಳಿಗೆ ಟ್ರ್ಯಾಕ್ಟರ್ ಕಳಿಸಿದರು. ಆ ಸಮಿತಿ ಇವತ್ತಿಗೂ ಕೆಲಸ ಮಾಡುತ್ತಿದೆ. ನಮ್ಮಲ್ಲಿ ನಾಟಿ ಕಾಲಕ್ಕೆ ಮುಯ್ಯಾಳು ಹೋಗುತ್ತಿದ್ದರಲ್ಲ, ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮ ಗದ್ದೆ, ಅದು ನೆನಪಾಯಿತು. ಆದರೆ ಮುಯ್ಯಿ ಅಂದರೆ ವಾಪಸ್ ಬರಲೇಬೇಕು. ಇಲ್ಲಿ ವಾಪಸ್ ಬರುವ ಲೆಕ್ಕ ಇಲ್ಲ.

ಅದನ್ನು ಮಾಡಿಯೇ ತೋರಿಸಿದರು. ಊಟದ ಮೇಜಿನ ಮೇಲೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ. ಇರುವವರು ಹಾಕಬಹುದು, ಬೇಕಾದವರು ತೆಗೆದುಕೊಳ್ಳಬಹುದು, ಹೇಳಬೇಕಾಗಿಲ್ಲ. ಚೀಟಿ ನಡೆಸುವ ನನಗೆ ಇದು ಒಪ್ಪಿಗೆಯಾಗಲಿಲ್ಲ. ಲೆಕ್ಕ ಇಲ್ಲದ ದುಡ್ಡು ಮನಸ್ತಾಪಕ್ಕೆ ದಾರಿ ಅಂತ ಈಗಲೂ ನನ್ನ ಅಭಿಪ್ರಾಯ. ಆರನೇ ವಾರ ಬಾಟಲಿ ಪೂರ್ತಿ ಖಾಲಿ ಇತ್ತು. ಯಾರು, ಯಾಕೆ, ಯಾರೂ ಕೇಳಲಿಲ್ಲ. ಎಂಟನೇ ವಾರ ಅದರಲ್ಲಿ ಮೊದಲಿಗಿಂತ ಜಾಸ್ತಿ ಇತ್ತು, ಒಂದು ರಬ್ಬರ್ ಬ್ಯಾಂಡ್ ಹಾಕಿದ ಹತ್ತು ರೂಪಾಯಿ ನೋಟುಗಳ ಕಟ್ಟು. ಆ ಕಟ್ಟು ಇನ್ನೂ ನನ್ನ ಕಣ್ಣ ಮುಂದೆ ಇದೆ.

ಏಳನೇ ವಾರ ಕಾಲು ತೊಳೆಯುವುದು. ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಇವರು ನಡೆಸಿಕೊಂಡು ಬಂದಿದ್ದಾರೆ. ತಾವು ನಂಬುವುದನ್ನು ಬರೆದಿಟ್ಟ 1632ರ ಡೋರ್ಡ್ರೆಕ್ಟ್ ವಿಶ್ವಾಸಪತ್ರದಲ್ಲೂ ಅದಕ್ಕೊಂದು ಭಾಗ ಇದೆ. ಗಂಡಸರು ಒಂದು ರೂಮು, ಹೆಂಗಸರು ಒಂದು ರೂಮು. ನೀಲಿ ಪ್ಲಾಸ್ಟಿಕ್ ಬೇಸಿನ್, ಚೊಂಬಲ್ಲಿ ಬಿಸಿನೀರು, ಟವೆಲ್. ನನ್ನ ಪಾಲಿಗೆ ಬಂದವರು ಸೊಪ್ಪಿನ ಅಮ್ಮ. "ಬ್ಯಾಡ ಕಣವ್ವ, ನನ್ ಕಾಲು ಒಡೆದೈತೆ" ಅಂತ ಸೀರೆ ಅಂಚಿನೊಳಗೆ ಕಾಲು ಎಳೆದುಕೊಂಡರು. ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಕೂತಿತ್ತು, ಎಷ್ಟು ತೊಳೆದರೂ ಹೋಗದಂಥ ಮಣ್ಣು. ನಮ್ಮಲ್ಲಿ ಕಾಲು ತೊಳೆಯುವುದು ಅಳಿಯನಿಗೆ, ಗುರುಗಳಿಗೆ, ನಮಗಿಂತ ಮೇಲಿನವರಿಗೆ. ಅವರ ಹತ್ತಿರ ದಿನಾ ಬೆಳಿಗ್ಗೆ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದವಳು ನಾನು. ಬೆರಳ ಸಂದಿ ಒರೆಸುವಾಗ ಅವರ ಮುಖ ನೋಡಲು ಆಗಲಿಲ್ಲ. ಆಮೇಲೆ ಅವರು ನನ್ನ ಕಾಲು ತೊಳೆದರು. ಅದು ಇನ್ನೂ ಕಷ್ಟವಾಯಿತು.

ಊಟದ ವಿಷಯ. ಜನವರಿ ಆದ್ದರಿಂದ ಅವರೆಕಾಳು ಸಾರು, ಮುದ್ದೆ, ಅಕ್ಕಿ ರೊಟ್ಟಿ, ಹಾಸನದ ಆಲೂಗಡ್ಡೆ ಪಲ್ಯ, ಎಲ್ಲ ಚೆನ್ನಾಗಿತ್ತು. ಜೈನ ಹಿರಿಯರಿಗೆ ಆಲೂಗಡ್ಡೆ ಇಲ್ಲದ್ದು ಬೇರೆ, ಹೊತ್ತು ಮುಳುಗುವ ಮೊದಲೇ. ಮೊದಲ ಎರಡು ವಾರ ಪಾತ್ರೆ ತೊಳೆದವರೆಲ್ಲ ಹೆಂಗಸರೇ. ಮೂರನೇ ವಾರ ಟೀಚರಮ್ಮ ಗೋಡೆಗೆ ಪಟ್ಟಿ ಅಂಟಿಸಿದರು, ಮೊದಲ ಹೆಸರು ಮೇಷ್ಟ್ರದು.

ಸಣ್ಣಪುಟ್ಟ ತೊಂದರೆ ಇವೆ. ನೋಟ್ಸಿನ ಕನ್ನಡ ಗಟ್ಟಿ, ಇಂಗ್ಲಿಷಿನಿಂದ ಇಳಿಸಿದ್ದು ಗೊತ್ತಾಗುತ್ತದೆ. ಎಂಟು ಗಂಟೆ ಅನ್ನುವುದು ಎಂಟೂಮುಕ್ಕಾಲು ಆಗುತ್ತದೆ, ಹಳ್ಳಿ ಬಸ್ ಹಿಡಿಯುವವರು ಮೊದಲೇ ಹೇಳಿ ಎದ್ದುಬಿಡಿ. ಚಾಪೆ ಮೇಲೆ ಕೂರಬೇಕು, ಮಂಡಿ ನೋವಿದ್ದರೆ ಒಂದು ಮಾತು ಹೇಳಿ, ಕುರ್ಚಿ ಕೊಡುತ್ತಾರೆ. ಸೊಳ್ಳೆ ಜಾಸ್ತಿ.

ಚೀಟಿ ಗೆಳತಿಯ ಮನೆಗೆ ನಾನು ಹೋದದ್ದು ಐದನೇ ವಾರ ಮುಗಿದ ಮಾರನೇ ದಿನ, ಭಾನುವಾರ ಮಧ್ಯಾಹ್ನ. ಒಬ್ಬಳೇ. ಬಾಗಿಲು ತೆಗೆದವಳು ನನ್ನನ್ನು ನೋಡಿ ನಿಂತಲ್ಲೇ ನಿಂತಳು. ದುಡ್ಡಿನ ಮಾತಿಗೆ ಮೊದಲು, ಒಂಬತ್ತು ಜನಕ್ಕೆ ನಿನ್ನ ವಿಷಯ ಹೇಳಿದ್ದೇನೆ, ತಪ್ಪಾಯಿತು ಅಂದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಒಳಗೆ ಬಾರೇ, ಬಿಸಿಲಲ್ಲಿ ಯಾಕೆ ನಿಂತಿದೀಯ" ಅಂದಳು. ಗಂಡನ ಕೆಲಸ ಹೋಗಿ ಐದು ತಿಂಗಳಾಗಿತ್ತಂತೆ. ಆ ಒಂಬತ್ತು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. 2,000 ಕೊಟ್ಟಿದ್ದಾಳೆ, ಇನ್ನು 4,000 ಬಾಕಿ ಇದೆ. ಸಿಕ್ಕಾಗ ಮಾತಾಡುತ್ತೇವೆ.

ಮುಂದಿನ ಬ್ಯಾಚ್ ಬರುವ ಜನವರಿಗೆ. ಹದಿನೈದು ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಅಷ್ಟೇ ಚಾಪೆ ಇರುವುದು. ಏಳನೇ ವಾರಕ್ಕೆ ಒಂದು ಟವೆಲ್ ಕೂಡ ತನ್ನಿ.